ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆಯೇ? ಪಂಪ್ ಕೊಳ್ಳುವ ಮೊದಲು ನಡೆಸಬೇಕಾದ ತಪಾಸಣೆ

ನೀರಿನ ಒತ್ತಡ ಕಡಿಮೆಯಾದ ಮನೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ ಕಥೆ. ಮೊದಲು ಶವರ್ ಬದಲಾಗುತ್ತದೆ, ಆಮೇಲೆ ನಲ್ಲಿ ಬದಲಾಗುತ್ತದೆ, ಕೊನೆಗೆ ಅಂಗಡಿಯವರು ಹೇಳಿದರೆಂದು ಪ್ರೆಶರ್ ಪಂಪ್ ಮನೆಗೆ ಬರುತ್ತದೆ. ಪಂಪ್ ಬಂದ ಮೇಲೆ ಬಚ್ಚಲ ಗೋಡೆ ಒದ್ದೆಯಾಗತೊಡಗುತ್ತದೆ. ಅರ್ಧ ಮುಚ್ಚಿದ ವಾಲ್ವ್ ಮಾತ್ರ ತಾರಸಿಯ ಮೇಲೆ ಮೊದಲಿನ ಹಾಗೆಯೇ ಕೂತಿರುತ್ತದೆ.

ಬಹುತೇಕ ಕಡೆ ಕೆಟ್ಟಿರುವುದು ಕೆಲಸದ ಕ್ರಮ. ದೋಷವನ್ನು ಹುಡುಕುವಾಗ ನಲ್ಲಿಯಿಂದ ಹೊರಟು ನೀರಿನ ಮೂಲದ ಕಡೆಗೆ ಹೋಗಬೇಕು. ತೊಳೆಯುವಾಗ ಮೂಲದಿಂದ ಹೊರಟು ನಲ್ಲಿಯ ಕಡೆಗೆ ಬರಬೇಕು. ಈ ಎರಡನ್ನು ಅದಲುಬದಲು ಮಾಡಿದವರು ಬೆಳಿಗ್ಗೆ ನಲ್ಲಿಯ ಜಾಲರಿ ತೊಳೆದು, ಮಧ್ಯಾಹ್ನ ಟ್ಯಾಂಕ್ ತೊಳೆದು, ಸಂಜೆಗೆ ಅದೇ ಜಾಲರಿಯಲ್ಲಿ ಟ್ಯಾಂಕಿನ ಕೆಸರನ್ನು ಕಾಣುತ್ತಾರೆ. ಕೆಳಗಿನ ಹಂತಗಳನ್ನು ಆದಷ್ಟು ಇದೇ ಅನುಕ್ರಮದಲ್ಲಿ ಮಾಡಿ. ಶಿವಮೊಗ್ಗ ನಗರದ ತಾರಸಿ ಮನೆಗೂ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹೆಂಚಿನ ಮನೆಗೂ ವ್ಯತ್ಯಾಸವಿರುವಲ್ಲಿ ಬೇರೆಯಾಗಿ ಹೇಳಿದ್ದೇನೆ.

## ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ಲೀಟರ್ ಗುರುತು ಇರುವ 10 ಲೀಟರಿನ ಬಕೆಟ್, ಸಮಯ ನೋಡಲು ಮೊಬೈಲ್, ಹೊಂದಿಸಬಲ್ಲ ಸ್ಪ್ಯಾನರ್, ಪೈಪ್ ರೆಂಚ್, ಟೆಫ್ಲಾನ್ ಟೇಪ್, ಹಳೆಯ ಹಲ್ಲುಜ್ಜುವ ಬ್ರಷ್, ಟಾರ್ಚ್, ಒಂದು ನೋಟ್ ಪುಸ್ತಕ. ಇವುಗಳ ಜೊತೆಗೆ ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪ್ ಹದಿನೈದು ಅಡಿಯಷ್ಟು. ಟ್ಯಾಂಕ್ ಮನೆಯ ಹಿಂದಿನ ದರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲೆ ಬಹಳ ಎತ್ತರದಲ್ಲಿದ್ದರೆ ಲೆವೆಲ್ ಪೈಪ್ ಸಾಲದು. ಆಗ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪ್ರೆಶರ್ ಗೇಜನ್ನು ನಲ್ಲಿಗೆ ಕೂರಿಸಬೇಕಾಗುತ್ತದೆ.

ಪೈಪ್ ಕತ್ತರಿಸುವ ಸಂದರ್ಭ ಬಂದರೆ ಹ್ಯಾಕ್ಸಾ ಬ್ಲೇಡ್, ಎರಡು ಪೈಪುಗಳನ್ನು ಕೂಡಿಸುವ ಕಪ್ಲರ್, ಬೇಕಾದಾಗ ತಿರುಗಿಸಿ ಬಿಚ್ಚಬಹುದಾದ ಜೋಡಣೆ ಯೂನಿಯನ್, ಅಂಟಿಸುವ ಸಲ್ಯೂಷನ್ ಬೇಕು. ಆದರೆ ಮೊದಲ ದಿನ ಹ್ಯಾಕ್ಸಾವನ್ನು ಕೈಗೆತ್ತಿಕೊಳ್ಳಬೇಡಿ. ಅದು ಕೈಯಲ್ಲಿದ್ದರೆ ಎಲ್ಲವೂ ಕತ್ತರಿಸಬೇಕಾದ ಪೈಪಿನಂತೆಯೇ ಕಾಣತೊಡಗುತ್ತದೆ.

## ಹಂತ 1: ತೊಂದರೆ ಎಲ್ಲಿ, ಯಾವಾಗ ಎಂದು ಬರೆದುಕೊಳ್ಳಿ

ಮನೆಯ ಪ್ರತಿ ನಲ್ಲಿಯನ್ನೂ ಒಂದೊಂದಾಗಿ ತೆರೆದು ನೋಡಿ. ಒಂದನ್ನು ನೋಡುವಾಗ ಉಳಿದವು ಮುಚ್ಚಿರಲಿ. ಅಡುಗೆಮನೆ, ಬಚ್ಚಲು, ಶೌಚಾಲಯ, ಅಂಗಳ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ನಲ್ಲಿ ಎಂದು ಹೆಸರು ಬರೆದು ಮುಂದೆ ಗುರುತು ಹಾಕಿ.

ಒಂದೇ ನಲ್ಲಿ ಸೋತಿದ್ದರೆ ದೋಷ ಆ ನಲ್ಲಿಯಲ್ಲೋ ಅದರ ಕೆಳಗಿನ ಆ್ಯಂಗಲ್ ಕಾಕ್‌ನಲ್ಲೋ (ಆ ನಲ್ಲಿಗೆ ಮಾತ್ರ ನೀರು ನಿಲ್ಲಿಸುವ ಸಣ್ಣ ವಾಲ್ವ್) ಇದೆ. ಒಂದು ಕೋಣೆಯ ಎಲ್ಲ ನಲ್ಲಿಗಳೂ ಸೋತಿದ್ದರೆ ಆ ಕೋಣೆಗೆ ಹೋಗುವ ಕವಲು ಪೈಪನ್ನು ಅನುಮಾನಿಸಿ. ಇಡೀ ಮನೆ ಸೋತಿದ್ದರೆ ಟ್ಯಾಂಕಿನಿಂದ ಹೊರಡುವ ಮುಖ್ಯ ಪೈಪ್, ಅದರ ವಾಲ್ವ್ ಅಥವಾ ಟ್ಯಾಂಕನ್ನೇ ನೋಡಬೇಕು. ಬಿಸಿನೀರು ಮಾತ್ರ ಸಣ್ಣಗಿದ್ದರೆ ನೇರವಾಗಿ ಹಂತ 7ಕ್ಕೆ ಹೋಗಿ.

ಹೊತ್ತನ್ನೂ ಗಮನಿಸಿ. ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ ತೊಂದರೆಯೇ, ದಿನವಿಡೀ ಇದೆಯೇ? ಒಂದೇ ದಿನದಲ್ಲಿ ಕುಸಿಯಿತೇ, ವರ್ಷಗಳಿಂದ ನಿಧಾನವಾಗಿ ಇಳಿಯಿತೇ? ದಿಢೀರ್ ಕುಸಿತಕ್ಕೆ ಸಾಮಾನ್ಯವಾಗಿ ವಾಲ್ವ್, ಗಾಳಿ, ಸೋರಿಕೆ ಅಥವಾ ಪೈಪಿನ ಬಾಯಿಗೆ ಬಂದು ಕೂತ ಎಲೆ ಕಾರಣ. ನಿಧಾನ ಕುಸಿತಕ್ಕೆ ತುಕ್ಕು ಮತ್ತು ಹೂಳು ಕಾರಣ. ಅಡಿಕೆ ತೋಟದ ಸ್ಪ್ರಿಂಕ್ಲರ್ ಕೂಡ ಅದೇ ಲೈನಿನಲ್ಲಿದ್ದರೆ, ತೋಟಕ್ಕೆ ನೀರು ಬಿಡುವ ಹೊತ್ತನ್ನು ಮನೆಯ ಸಮಸ್ಯೆಯ ಪಕ್ಕದಲ್ಲೇ ಬರೆದುಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗಬಹುದು.

## ಹಂತ 2: ಅಳತೆ ಮಾಡಿ

ಕಣ್ಣಂದಾಜು ಇಲ್ಲಿ ಕೆಲಸಕ್ಕೆ ಬಾರದು. ನಲ್ಲಿಯನ್ನು ಪೂರ್ತಿ ತೆರೆದು 10 ಲೀಟರ್ ತುಂಬಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಬರೆಯಿರಿ. ತಾರಸಿ ಟ್ಯಾಂಕಿನಿಂದ ಬರುವ ಸಾಮಾನ್ಯ ನಲ್ಲಿಯಲ್ಲಿ ಒಂದು ನಿಮಿಷದ ಆಸುಪಾಸಿನಲ್ಲಿ ತುಂಬಿದರೆ ದೂರಲು ಏನೂ ಇಲ್ಲ. ಎರಡು ನಿಮಿಷ ದಾಟಿದರೆ ಹುಡುಕಬೇಕಾದ ದೋಷವಿದೆ. ಪ್ರತಿ ದುರಸ್ತಿಯ ನಂತರವೂ ಇದೇ ಅಳತೆಯನ್ನು ಮತ್ತೆ ಮಾಡಿ. ಇಲ್ಲದಿದ್ದರೆ ಯಾವ ಕೆಲಸದಿಂದ ಏನು ಸುಧಾರಿಸಿತು ಎಂದು ಗೊತ್ತಾಗುವುದೇ ಇಲ್ಲ.

ಈಗ ಲೆವೆಲ್ ಪೈಪಿನ ಪರೀಕ್ಷೆ. ಅದರ ಒಂದು ತುದಿಯನ್ನು ನಲ್ಲಿಗೆ ಬಿಗಿಯಾಗಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗೋಡೆಗುಂಟ ಮೇಲಕ್ಕೆ ಎತ್ತಿ ಕಟ್ಟಿ. ಮನೆಯ ಬೇರೆಲ್ಲ ನಲ್ಲಿಗಳನ್ನು ಮುಚ್ಚಿ ಈ ನಲ್ಲಿಯನ್ನು ತೆರೆದರೆ ಪೈಪಿನೊಳಗಿನ ನೀರು ಏರುತ್ತಾ ಹೋಗಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಸರಿಯಾಗಿ ನಿಲ್ಲಬೇಕು. ನಿಂತ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಆಮೇಲೆ ಅದೇ ಲೈನಿನ ಇನ್ನೊಂದು ನಲ್ಲಿಯನ್ನು ತೆರೆಸಿ. ನೀರು ಗೆರೆಯಿಂದ ಒಂದೆರಡು ಅಡಿ ಇಳಿದು ನಿಂತರೆ ಪೈಪ್ ಆರೋಗ್ಯವಾಗಿದೆ. ಸರ್ರನೆ ಜಾರಿ ನಲ್ಲಿಯ ಹತ್ತಿರಕ್ಕೇ ಬಂದುಬಿಟ್ಟರೆ ಟ್ಯಾಂಕಿಗೂ ನಿಮಗೂ ನಡುವೆ ಎಲ್ಲೋ ದಾರಿ ಇಕ್ಕಟ್ಟಾಗಿದೆ.

ಇದರ ಅರ್ಥವನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ. ನಿಂತ ನೀರಿನಲ್ಲಿ ಒತ್ತಡ ಸರಿಯಿದ್ದು ಹರಿಯುವಾಗ ಕುಸಿದರೆ ಅಡಚಣೆಯಿದೆ, ತೆಗೆದರೆ ಸರಿಹೋಗುತ್ತದೆ. ನಿಂತ ನೀರಿನಲ್ಲೇ ಒತ್ತಡ ಕಡಿಮೆಯಿದ್ದರೆ ಟ್ಯಾಂಕಿನ ಎತ್ತರ ಸಾಲದು. ಎಷ್ಟು ತೊಳೆದರೂ ಸರಿಹೋಗುವುದಿಲ್ಲ. ಪಂಪ್ ಕೊಂಡು ಕೈ ಸುಟ್ಟುಕೊಂಡವರಲ್ಲಿ ಬಹಳ ಮಂದಿ ಬಿಟ್ಟಿದ್ದು ಈ ಒಂದು ಪರೀಕ್ಷೆಯನ್ನು.

## ಹಂತ 3: ನಲ್ಲಿಯ ಬಾಯಿ ಮತ್ತು ಆ್ಯಂಗಲ್ ಕಾಕ್

ಹೊಸ ನಲ್ಲಿಗಳ ತುದಿಯಲ್ಲಿ ತಿರುಗಿಸಿ ತೆಗೆಯುವ ಜಾಲರಿ ಇರುತ್ತದೆ. ಬಿಚ್ಚಿ ಬೆಳಕಿಗೆ ಹಿಡಿಯಿರಿ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಜಾಲರಿಯ ಹಿಂದೆ ಕಿತ್ತಳೆ ಬಣ್ಣದ ಲೋಳೆ ಮೆತ್ತಿಕೊಂಡಿರುತ್ತದೆ. ಕೆಂಪು ಜಂಬಿಟ್ಟಿಗೆ ನೆಲದ ಊರುಗಳಲ್ಲಿ ಇದು ಸಾಮಾನ್ಯ. ಹೊಳೆಯ ನೀರಾದರೆ ಸಣ್ಣ ಮರಳು, ಪೈಪ್ ಕೂಡಿಸುವಾಗ ಒಳಗೆ ಉಳಿದ ಟೇಪಿನ ಚೂರು, ಪ್ಲಾಸ್ಟಿಕ್ ಪುಡಿ ಸಿಗುತ್ತವೆ. ಬ್ರಷ್ಷಿನಿಂದ ಉಜ್ಜಿ, ಹೋಗದಿದ್ದರೆ ನಿಂಬೆರಸದಲ್ಲೋ ಗಟ್ಟಿ ಹುಣಸೆ ನೀರಿನಲ್ಲೋ ಒಂದು ರಾತ್ರಿ ನೆನೆಹಾಕಿ. ಶವರಿನ ತಟ್ಟೆಗೂ ಇದೇ ಉಪಚಾರ.

ಜಾಲರಿಯನ್ನು ತಕ್ಷಣ ಮರಳಿ ಹಾಕಬೇಡಿ. ಜಾಲರಿ ಇಲ್ಲದೆಯೇ ಬಕೆಟ್ ಅಳತೆ ಮಾಡಿ. ವೇಗ ಬಂದಿದ್ದರೆ ಕೆಲಸ ಮುಗಿಯಿತು. ಬರದಿದ್ದರೆ ಸಿಂಕಿನ ಕೆಳಗಿನ ಆ್ಯಂಗಲ್ ಕಾಕ್ ಪೂರ್ತಿ ತೆರೆದಿದೆಯೇ ನೋಡಿ. ಪಾತ್ರೆ ಜೋಡಿಸುವಾಗ ಕೈತಾಗಿ ಅರ್ಧ ತಿರುಗಿರುವುದು ಉಂಟು. ಅದರಿಂದ ನಲ್ಲಿಗೆ ಹೋಗುವ ಬಳುಕುವ ಪೈಪ್ ಮಡಚಿಕೊಂಡಿದ್ದರೂ ಫಲ ಅದೇ. ಎಲ್ಲ ತಪಾಸಣೆ ಮುಗಿಯುವ ತನಕ ಜಾಲರಿಗಳೆಲ್ಲ ಒಂದು ಲೋಟದಲ್ಲಿ ಹೊರಗೇ ಇರಲಿ. ಮೇಲಿನಿಂದ ಏಳುವ ಕೊಳೆ ಮತ್ತೆ ಅವುಗಳಲ್ಲೇ ಸಿಕ್ಕಿಕೊಳ್ಳುತ್ತದೆ.

## ಹಂತ 4: ಗೇಟ್ ವಾಲ್ವ್

ಇಡೀ ಮನೆಗೆ ನೀರು ಸಣ್ಣಗೆ ಬರುವಲ್ಲಿ ನನ್ನ ಮೊದಲ ಅನುಮಾನ ಟ್ಯಾಂಕಿನ ಬುಡದ ಗೇಟ್ ವಾಲ್ವಿನ ಮೇಲೆ. ಹಿತ್ತಾಳೆಯ ಮೈ, ಮೇಲೊಂದು ಕೆಂಪು ಚಕ್ರ. ವರ್ಷಕ್ಕೊಮ್ಮೆ ಟ್ಯಾಂಕ್ ತೊಳೆಯುವಾಗ ಮುಚ್ಚುತ್ತಾರೆ, ಆಮೇಲೆ ತೆರೆಯುತ್ತಾರೆ. ಪೂರ್ತಿ ತೆರೆಯಿತೋ ಇಲ್ಲವೋ ಎಂದು ಹೊರಗಿನಿಂದ ಕಾಣುವುದಿಲ್ಲ.

ಚಕ್ರವನ್ನು ಎಡಕ್ಕೆ ತಿರುಗಿಸಿ. ಸರಿಯಾದ ವಾಲ್ವ್ ಕೆಲವು ಸುತ್ತುಗಳ ನಂತರ ಬಿಗಿಯಾಗಿ ನಿಲ್ಲುತ್ತದೆ. ನಿಂತ ಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಿ, ಇಲ್ಲದಿದ್ದರೆ ಅಲ್ಲೇ ಹಿಡಿದುಕೊಳ್ಳುತ್ತದೆ. ಕೆಟ್ಟ ವಾಲ್ವಿನ ಲಕ್ಷಣ ಬೆರಳಿಗೇ ತಿಳಿಯುತ್ತದೆ. ಚಕ್ರ ಎತ್ತಲೂ ಬಿಗಿಯಾಗದೆ ಸುಮ್ಮನೆ ತಿರುಗುತ್ತಲೇ ಇರುತ್ತದೆ, ಎಷ್ಟು ತಿರುಗಿಸಿದರೂ ನಲ್ಲಿಯ ನೀರಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಒಳಗಿನ ಬಿಲ್ಲೆ ಕಡ್ಡಿಯಿಂದ ಕಳಚಿ ದಾರಿಗೆ ಅಡ್ಡ ಬಿದ್ದಿದೆ ಎಂದು ಇದರ ಅರ್ಥ. ಕೆಲವರು ಇದನ್ನು ಸುತ್ತಿಗೆಯಿಂದ ತಟ್ಟಿ ಬಿಲ್ಲೆಯನ್ನು ಅಲುಗಾಡಿಸಿ ಎರಡು ದಿನದ ನೀರು ಗಿಟ್ಟಿಸುತ್ತಾರೆ. ಹಾಗೆ ತಟ್ಟಿದಾಗ ಟ್ಯಾಂಕಿಗೆ ಪೈಪನ್ನು ಕೂಡಿಸುವ ತುಂಡು, ನಿಪ್ಪಲ್, ಸೀಳಿದರೆ ಸಾವಿರ ಲೀಟರ್ ತಾರಸಿಯ ಮೇಲೆ ಹರಿಯುತ್ತದೆ.

ಬದಲಾಯಿಸುವುದೇ ಸರಿ. ಗೇಟ್ ವಾಲ್ವಿನ ಜಾಗಕ್ಕೆ ಪೈಪಿನಷ್ಟೇ ಅಗಲದ ದಾರಿಯಿರುವ (ಫುಲ್ ಬೋರ್) ಬಾಲ್ ವಾಲ್ವ್ ಹಾಕಿ. ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡವಿದ್ದರೆ ಮುಚ್ಚಿದೆ, ದೂರದಿಂದಲೇ ತಿಳಿಯುತ್ತದೆ. ಪಕ್ಕದಲ್ಲಿ ಒಂದು ಯೂನಿಯನ್ ಕೂಡಿಸಿದರೆ ಮುಂದಿನ ಸಲ ಪೈಪ್ ಕತ್ತರಿಸುವ ಅಗತ್ಯವಿರುವುದಿಲ್ಲ. ಕೆಲಸಕ್ಕೆ ಮುನ್ನ ಟ್ಯಾಂಕ್ ಖಾಲಿ ಮಾಡಿ. ತಳದಲ್ಲಿ ಉಳಿದ ನೀರು ಬರದಂತೆ ಒಳಗಿನಿಂದ ಬಟ್ಟೆ ಸುತ್ತಿದ ಮರದ ಬೆಣೆಯನ್ನು ಬಾಯಿಗೆ ಸಿಕ್ಕಿಸಬಹುದು. ಆ ಬೆಣೆಗೆ ಉದ್ದನೆಯ ಹುರಿ ಕಟ್ಟಿ ಹೊರಗೆ ಬಿಡುವುದನ್ನು ಮರೆಯಬೇಡಿ.

ಮನೆಯ ಬೇರೆ ಕಡೆಯ ವಾಲ್ವ್‌ಗಳನ್ನೂ ಹೀಗೆಯೇ ನೋಡಿ. ಅಂಗಳದ ವಾಲ್ವ್ ಗುಂಡಿಗೆ ನೇರವಾಗಿ ಕೈ ಹಾಕಬೇಡಿ. ಮುಚ್ಚಳ ಸರಿಸಿ, ಕೋಲಿನಿಂದ ಕೆದಕಿ, ಟಾರ್ಚ್ ಬಿಟ್ಟು ನೋಡಿದ ಮೇಲೆಯೇ ಮುಂದಿನ ಮಾತು. ತಂಪಾದ ಗುಂಡಿಗಳಲ್ಲಿ ಹಾವು ಮಲಗುವುದು ಮಲೆನಾಡಿನಲ್ಲಿ ಹೊಸದಲ್ಲ.

## ಹಂತ 5: ಟ್ಯಾಂಕಿನ ಎತ್ತರ, ಹೂಳು, ಉಸಿರು

ಎತ್ತರದ ಲೆಕ್ಕ ಸರಳವಾಗಿದೆ. ನೀರಿನ ಮಟ್ಟ ನಲ್ಲಿಗಿಂತ ಸುಮಾರು 33 ಅಡಿ ಎತ್ತರದಲ್ಲಿದ್ದರೆ ಚದರ ಸೆಂಟಿಮೀಟರಿಗೆ 1 ಕೆ.ಜಿ. ಒತ್ತಡ. 10 ಅಡಿಗೆ 0.3 ಕೆ.ಜಿ. ಮಾತ್ರ. ಒಂದು ಮಹಡಿಯ ಮನೆಯ ತಾರಸಿಯ ಮೇಲೆಯೇ ಟ್ಯಾಂಕ್ ಕೂರಿಸಿದ್ದರೆ ತಲೆಯೆತ್ತರದ ಶವರಿಗೆ ಸಿಗುವ ಎತ್ತರ ನಾಲ್ಕೈದು ಅಡಿ. ಅಗಲ ತಟ್ಟೆಯ ದುಬಾರಿ ಶವರ್ ಇದರಲ್ಲಿ ಮಳೆ ಸುರಿಸುವುದಿಲ್ಲ, ತೊಟ್ಟಿಕ್ಕುತ್ತದೆ. ಸಣ್ಣ ರಂಧ್ರದ, ಕಡಿಮೆ ಒತ್ತಡಕ್ಕೆಂದೇ ಮಾಡಿದ ಶವರ್ ಹಾಕುವುದು ಅಥವಾ ಟ್ಯಾಂಕನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಐದಾರು ಅಡಿ ಎತ್ತರಿಸುವುದು ಇದಕ್ಕೆ ಪರಿಹಾರ. ಸಾವಿರ ಲೀಟರ್ ನೀರಿನ ತೂಕವೇ ಒಂದು ಟನ್. ಸ್ಟ್ಯಾಂಡಿನ ಕಾಲುಗಳು ತೊಲೆ ಅಥವಾ ಗೋಡೆಯ ನೇರಕ್ಕೆ ಬರಬೇಕು, ಬರಿಯ ಸ್ಲ್ಯಾಬಿನ ನಡುವೆ ಅಲ್ಲ.

ಹೆಂಚಿನ ಮನೆಯವರಿಗೆ ಈ ವಿಷಯದಲ್ಲಿ ಅದೃಷ್ಟ ಹೆಚ್ಚು. ಹಿಂದಿನ ದರೆ ಮನೆಯ ಮುಂಡಿಗೆಗಿಂತ ಎತ್ತರವಿದ್ದರೆ ಅದೇ ನಿಮ್ಮ ಸ್ಟ್ಯಾಂಡ್. ಟ್ಯಾಂಕನ್ನು ದರೆಯ ಅಂಚಿನಿಂದ ಸಾಕಷ್ಟು ಹಿಂದಕ್ಕೆ, ಗಟ್ಟಿ ನೆಲದಲ್ಲಿ, ಕಲ್ಲುಕಟ್ಟೆ ಕಟ್ಟಿ ಇಡಿ. ಅಂಚಿಗೇ ಇಟ್ಟು ತುಂಬಿ ಹರಿದ ನೀರನ್ನು ದರೆಯ ಮೇಲೆಯೇ ಬಿಟ್ಟರೆ ಆಷಾಢದ ಮಳೆಗೆ ದರೆಯೂ ಟ್ಯಾಂಕೂ ಒಟ್ಟಿಗೆ ಅಂಗಳಕ್ಕೆ ಬರುತ್ತವೆ.

ಹೂಳಿನ ವಿಷಯ: ಹೊರಹೋಗುವ ಪೈಪಿನ ಬಾಯಿ ಟ್ಯಾಂಕಿನ ತಳಕ್ಕೇ ಇದ್ದರೆ ಕೆಸರೆಲ್ಲ ಪೈಪಿಗೆ ಇಳಿಯುತ್ತದೆ. ತಳದಿಂದ ಎರಡು ಮೂರು ಇಂಚು ಮೇಲಿರಬೇಕು, ತಳಕ್ಕೆ ತೊಳೆದ ನೀರು ಹೋಗಲು ಬೇರೆ ಬಾಯಿ ಇರಬೇಕು. ಮಳೆಗಾಲದಲ್ಲಿ ತುಂಗೆ ಕೆಂಪಾಗಿ ಹರಿಯುವ ತಿಂಗಳುಗಳು ಕಳೆದ ಮೇಲೆ, ಅಂದರೆ ದೀಪಾವಳಿಗೆ ಮೊದಲು, ಒಮ್ಮೆ ತೊಳೆದರೆ ವರ್ಷದ ಹೂಳು ಹೋಗುತ್ತದೆ. ಪಾಚಿ ಕಟ್ಟಿದ ತಾರಸಿಗೆ ಮಳೆಯಲ್ಲಿ ಹತ್ತಬೇಡಿ. ಒದ್ದೆ ಹೆಂಚಿನ ಮೇಲೆ ಕಾಲಿಡುವ ಮಾತೇ ಬೇಡ.

ಇನ್ನು ಮುಚ್ಚಳ. ಮಂಗನ ಕಾಟಕ್ಕೆ ಹೆದರಿ ಟ್ಯಾಂಕಿನ ಬಾಯನ್ನು ಪ್ಲಾಸ್ಟಿಕ್ ಹಾಳೆ ಸುತ್ತಿ, ತಂತಿ ಬಿಗಿದು, ಮೇಲೆ ಕಲ್ಲು ಹೇರಿ ಗಾಳಿಯಾಡದಂತೆ ಮಾಡುವವರಿದ್ದಾರೆ. ನೀರು ಹೊರಹೋದಷ್ಟು ಗಾಳಿ ಒಳಬರದಿದ್ದರೆ ಹರಿವು ಸೊರಗುತ್ತದೆ, ಟ್ಯಾಂಕಿನ ಹೊಟ್ಟೆ ಒಳಕ್ಕೆ ಜಗ್ಗಿಕೊಳ್ಳುತ್ತದೆ. ಪರೀಕ್ಷೆಗೆ ಮುಚ್ಚಳ ತೆಗೆದು ಬಕೆಟ್ ಅಳತೆ ಮಾಡಿ. ವೇಗ ಹೆಚ್ಚಿದರೆ ಸೊಳ್ಳೆಪರದೆ ಕಟ್ಟಿದ ಒಂದು ಗಾಳಿಕೊಳವೆ ಕೂರಿಸಿದರಾಯಿತು.

## ಹಂತ 6: ಪೈಪಿನೊಳಗಿನ ಗಾಳಿ

ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ನೀರು ಸಣ್ಣಗಾಯಿತೇ? ನಲ್ಲಿ ಪುಸ್ ಪುಸ್ ಎಂದು ಉಗುಳುತ್ತಿದೆಯೇ? ಪೈಪ್ ಎಲ್ಲಿ ಏರಿ ಇಳಿಯುತ್ತದೆಯೋ ಆ ಏರಿನ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಬಾಗಿಲಿನ ಮೇಲಿನಿಂದ ಹಾಯಿಸಿದ ಪೈಪುಗಳಲ್ಲಿ ಇದು ಹೆಚ್ಚು.

ಮೊದಲು ಟ್ಯಾಂಕ್ ತುಂಬಿಸಿ. ಎಲ್ಲ ನಲ್ಲಿಗಳನ್ನೂ ತೆರೆದು, ತಗ್ಗಿನಲ್ಲಿರುವುದರಿಂದ ಶುರುಮಾಡಿ, ಉಗುಳದೆ ಒಂದೇ ಸಮನೆ ಹರಿಯತೊಡಗಿದ ಮೇಲೆ ಒಂದೊಂದಾಗಿ ಮುಚ್ಚುತ್ತಾ ಬನ್ನಿ. ಇದರಿಂದ ಹೋಗದಿದ್ದರೆ ಮೋಟಾರಿನಿಂದ ಬರುವ ನೀರಿನ ಹೋಸ್ ಪೈಪನ್ನು ಸೋತ ನಲ್ಲಿಗೆ ಸಿಕ್ಕಿಸಿ ಅರ್ಧ ನಿಮಿಷ ಹಿಂದಕ್ಕೆ ತಳ್ಳಿಸಬೇಕು. ಗಾಳಿ ಟ್ಯಾಂಕಿನಲ್ಲಿ ಗುಳುಗುಳು ಎಂದು ಹೊರಬರುವುದು ಕೇಳಿಸುತ್ತದೆ. ಗೀಸರ್ ಇರುವ ಕವಲಿನಲ್ಲಿ ಈ ಪ್ರಯೋಗ ಬೇಡ.

ಮೇಲಿಂದ ಮೇಲೆ ಹೀಗಾಗುತ್ತಿದ್ದರೆ ಟ್ಯಾಂಕಿನ ವಾಲ್ವ್ ದಾಟಿದ ತಕ್ಷಣ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಅಲ್ಲಿಂದ ಟ್ಯಾಂಕಿನ ನೆತ್ತಿಗಿಂತ ಒಂದಡಿ ಎತ್ತರಕ್ಕೆ ಗಾಳಿಪೈಪ್ ನಿಲ್ಲಿಸಿ, ತುದಿಯನ್ನು ಕೆಳಕ್ಕೆ ಬಗ್ಗಿಸಿ ಬಿಡಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಹೆಚ್ಚು ಜನ ಮರೆಯುವ ಕೆಲಸ ಪ್ಲಂಬಿಂಗಿನಲ್ಲಿ ಇಲ್ಲ.

## ಹಂತ 7: ಬಿಸಿನೀರು ಮಾತ್ರ ಸಣ್ಣಗಿದ್ದರೆ

ಹಂಡೆ ಒಲೆಯ ಮನೆಯವರು ಈ ಹಂತವನ್ನು ಬಿಟ್ಟು ಮುಂದೆ ಹೋಗಬಹುದು. ಗೀಸರ್ ಇದ್ದರೆ ಅದರ ಎಂ.ಸಿ.ಬಿ. (ಕರೆಂಟ್ ಕಡಿತಗೊಳಿಸುವ ಸ್ವಿಚ್) ಆರಿಸಿ, ನೀರು ತಣ್ಣಗಾಗಲು ಬಿಟ್ಟು, ಒಳಬರುವ ಕಡೆಯ ಆ್ಯಂಗಲ್ ಕಾಕ್, ಅದರ ಜಾಲರಿ ಮತ್ತು ಸುರಕ್ಷತಾ ವಾಲ್ವ್ ನೋಡಿ. ಸೋಲಾರ್ ಆದರೆ ಅದರ ತಣ್ಣೀರಿನ ಟ್ಯಾಂಕ್ ಬಿಸಿನೀರಿನ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು, ಮೇಲಿನ ಗಾಳಿಪೈಪ್ ಕಟ್ಟಿರಬಾರದು. ಸುರಕ್ಷತಾ ವಾಲ್ವ್ ತೊಟ್ಟಿಕ್ಕುತ್ತದೆಂದು ಅದಕ್ಕೆ ಬೆಣೆ ಹೊಡೆಯುವುದು ಜೀವಕ್ಕೆ ಅಪಾಯ.

## ಹಂತ 8: ಸೋರಿಕೆ

ರಾತ್ರಿ ಎಲ್ಲರೂ ಮಲಗಿದ ಮೇಲೆ ಟ್ಯಾಂಕಿನ ನೀರಿನ ಮಟ್ಟವನ್ನು ಕೋಲು ಇಳಿಸಿ ಗುರುತು ಮಾಡಿ, ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ನೋಡಿ. ಇಳಿದಿದ್ದರೆ ಇನ್ನೊಂದು ರಾತ್ರಿ ಟ್ಯಾಂಕಿನ ವಾಲ್ವ್ ಮುಚ್ಚಿ ಅದೇ ಪರೀಕ್ಷೆ ಮಾಡಿ. ಆಗ ಇಳಿಯದಿದ್ದರೆ ಸೋರಿಕೆ ಮನೆಯ ಪೈಪಿನಲ್ಲಿದೆ. ಶೌಚಾಲಯದ ಫ್ಲಶ್ ಟ್ಯಾಂಕಿಗೆ ಒಂದಿಷ್ಟು ಕಾಫಿ ಡಿಕಾಕ್ಷನ್ ಸುರಿದು ಅರ್ಧ ಗಂಟೆ ಬಿಡಿ; ಒತ್ತದೆಯೇ ಕೆಳಗೆ ಬಣ್ಣ ಕಂಡರೆ ಅಲ್ಲಿನ ವಾಷರ್ ಹೋಗಿದೆ.

ಮೀಟರ್ ಇರುವವರು ಎಲ್ಲ ನಲ್ಲಿ ಮುಚ್ಚಿ ಮೀಟರಿನ ಪುಟ್ಟ ಚಕ್ರವನ್ನು ನೋಡಬೇಕು. ಅದು ನಿಧಾನವಾಗಿಯಾದರೂ ತಿರುಗುತ್ತಿದ್ದರೆ ಮೀಟರ್ ದಾಟಿದ ಮೇಲೆ ನೀರು ಹೋಗುತ್ತಿದೆ. ಮಳೆಗಾಲದಲ್ಲಿ ಗೋಡೆಯೆಲ್ಲ ತಂಪಾಗಿರುವುದರಿಂದ ಒದ್ದೆಯನ್ನು ನಂಬಿ ಸೋರಿಕೆ ಹುಡುಕುವುದು ಕಷ್ಟ. ಆ ಕೆಲಸವನ್ನು ಬೇಸಿಗೆಯಲ್ಲಿ ಮಾಡಿ. ಮಾಘ, ಫಾಲ್ಗುಣದಲ್ಲಿ ಅಂಗಳದ ಒಂದೇ ಕಡೆ ಹುಲ್ಲು ಹಸಿರಾಗಿದ್ದರೆ ಅಲ್ಲಿ ಅಗೆಯಿರಿ.

## ಹಂತ 9: ಅಬ್ಬಿ ನೀರಿನ ಲೈನ್

ಗುಡ್ಡದ ಒರತೆಯಿಂದ ಪೈಪ್ ಎಳೆದು ತಂದ ನೀರನ್ನು ನಂಬಿದ ಮನೆಗಳಿಗೆ ಮೇಲಿನದೆಲ್ಲ ಅರ್ಧ ಮಾತ್ರ. ದೋಷ ಮನೆಯಿಂದ ಅರ್ಧ ಮೈಲಿ ದೂರದ ಕಾಡಿನಲ್ಲಿರಬಹುದು. ಇಡೀ ಲೈನನ್ನು ನಡೆದು ನೋಡುವ ಮುನ್ನ ನಡುಮಧ್ಯದ ಒಂದು ಜೋಡಣೆಯನ್ನು ಬಿಚ್ಚಿ ಅಲ್ಲಿ ಬಕೆಟ್ ಅಳತೆ ಮಾಡಿ. ಅಲ್ಲಿ ನೀರು ಜೋರಾಗಿದ್ದರೆ ದೋಷ ಕೆಳಗಿನ ಅರ್ಧದಲ್ಲಿದೆ, ಸಣ್ಣಗಿದ್ದರೆ ಮೇಲಿನ ಅರ್ಧದಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ನಾಲ್ಕೈದು ಕಡೆ ಬಿಚ್ಚುವಷ್ಟರಲ್ಲಿ ಜಾಗ ಸಿಗುತ್ತದೆ.

ಮೂಲದ ಬಾಯಿ. ಪೈಪಿನ ತುದಿ ನೀರಿನ ಮಟ್ಟದಿಂದ ಕನಿಷ್ಠ ಒಂದು ಗೇಣು ಕೆಳಗೆ, ತಳದ ಕೆಸರಿನಿಂದ ಸ್ವಲ್ಪ ಮೇಲೆ ಇರಬೇಕು. ಬಾಯಿಯ ಮೇಲೆ ನೀರು ಸುಳಿ ತಿರುಗುತ್ತಿದ್ದರೆ ಪೈಪ್ ಗಾಳಿ ಕುಡಿಯುತ್ತಿದೆ. ಯುಗಾದಿ ಕಳೆದು ಒರತೆ ಇಳಿದಾಗ ಹೀಗಾಗುವುದು ಸಹಜ; ಕಲ್ಲು ಮಣ್ಣಿನ ಕಟ್ಟವನ್ನು ಎತ್ತರಿಸಿ. ಬಾಯಿಗೆ ಒಂದೇ ಜಾಲರಿ ಸುತ್ತಿದರೆ ಎರಡು ಎಲೆ ಸಾಕು ಮುಚ್ಚಲು. ಒಂದೆರಡು ಅಡಿ ಉದ್ದದ ದಪ್ಪ ಪೈಪಿಗೆ ಸುತ್ತಲೂ ತೂತು ಕೊರೆದು, ತುದಿಗೆ ಕ್ಯಾಪ್ ಹಾಕಿ, ಅದರ ಮೇಲೆ ಬಲೆ ಸುತ್ತಿದರೆ ನೀರು ನುಗ್ಗಲು ನೂರು ದಾರಿ. ಮೃಗಶಿರಾ ಮಳೆಯ ಮೊದಲ ನೀರಿಗೆ ವರ್ಷದ ತರಗೆಲೆಯೆಲ್ಲ ಹರಿದು ಬರುತ್ತದೆ. ಆ ವಾರ ದಿನಕ್ಕೊಮ್ಮೆ ಬಾಯಿ ನೋಡಬೇಕು. ಏಡಿ, ಕಪ್ಪೆ ಮರಿ ಪೈಪಿನೊಳಗೆ ಹೋಗಿ ಎಲ್ಬೋ ತಿರುವಿನಲ್ಲಿ ಸಿಕ್ಕಿಕೊಂಡ ಕಡೆ ನೀರು ಒಮ್ಮೆ ಬಂದು ಒಮ್ಮೆ ನಿಲ್ಲುತ್ತದೆ.

ಏರಿನ ನೆತ್ತಿ ಮತ್ತು ತಗ್ಗು. ಪೈಪ್ ಗುಡ್ಡದ ಮೈಯನ್ನು ಅನುಸರಿಸಿ ಏರಿಳಿಯುತ್ತದೆ. ನೆತ್ತಿಯಲ್ಲಿ ಗಾಳಿ, ತಗ್ಗಿನಲ್ಲಿ ಹೂಳು ಸೇರುತ್ತವೆ. ಪ್ರತಿ ನೆತ್ತಿಗೆ ಟೀ ಮತ್ತು ಸಣ್ಣ ವಾಲ್ವ್ ಹಾಕಿ ಗಾಳಿ ಬಿಡಿ. ಪ್ರತಿ ದೊಡ್ಡ ತಗ್ಗಿಗೆ ಟೀ ಮತ್ತು ದೊಡ್ಡ ವಾಲ್ವ್ ಹಾಕಿ ಹೂಳು ಬಿಡಿ. ಯಾವ ನೆತ್ತಿಯೂ ಮೂಲದ ನೀರಿನ ಮಟ್ಟಕ್ಕೆ ಸಮೀಪ ಬರಬಾರದು.

ಪೈಪಿನ ಅಳತೆ. ಇಲ್ಲಿ ನಡೆಯುವ ತಪ್ಪು ಹಳೆಯದು: ಮನೆಯ ಹತ್ತಿರ ದಪ್ಪ ಪೈಪ್ ಹಾಕಿ, ಕಾಡಿನೊಳಗೆ ಯಾರು ನೋಡುತ್ತಾರೆಂದು ಸಣ್ಣ ಪೈಪ್ ಎಳೆಯುವುದು. ಬೇಕಾದದ್ದು ಇದರ ತಿರುವುಮುರುವು. ಮೇಲೆ ಇಳಿಜಾರು ಕಡಿಮೆ ಇರುವ ಕಡೆ ಒಂದೂಕಾಲು ಅಥವಾ ಒಂದೂವರೆ ಇಂಚು, ಕೆಳಗೆ ಕಡಿದಾದ ಇಳಿಜಾರಿನಲ್ಲಿ ಒಂದು ಇಂಚು. ಮೇಲ್ಭಾಗ ಸಣ್ಣದಾದರೆ ಕೆಳಗಿನ ಪೈಪ್ ಎಂದೂ ತುಂಬಿ ಹರಿಯುವುದಿಲ್ಲ, ಸಡಿಲ ಜೋಡಣೆಗಳಿಂದ ಗಾಳಿಯನ್ನೂ ಕೊಳೆಯನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ.

ಒತ್ತಡ ಹೆಚ್ಚಾಗುವ ಅಪಾಯವೂ ಗುಡ್ಡದಲ್ಲಿದೆ. 6 ಕೆ.ಜಿ. ಎಂದು ಅಚ್ಚಾದ ಕಪ್ಪು ಎಚ್‌.ಡಿ.ಪಿ.ಇ. ಪೈಪ್ ತಾಳುವುದು ಸುಮಾರು 60 ಮೀಟರ್, ಅಂದರೆ 200 ಅಡಿಯಷ್ಟು ಇಳಿತದ ನೀರನ್ನು. ಮೂಲ ಅದಕ್ಕಿಂತ ಎತ್ತರದಲ್ಲಿದ್ದರೆ, ರಾತ್ರಿ ಕೆಳಗಿನ ನಲ್ಲಿ ಮುಚ್ಚಿದಾಗ ಜೋಡಣೆ ಹಾರುತ್ತದೆ. ನಡುವೆ ತೆರೆದ ಸಣ್ಣ ತೊಟ್ಟಿಯೊಂದನ್ನು ಕಟ್ಟಿ, ಅದಕ್ಕೆ ನೀರು ಬೀಳಿಸಿ, ಅಲ್ಲಿಂದ ಮತ್ತೆ ಪೈಪ್ ಎಳೆಯಬೇಕು. ಬಿಸಿಲಿಗೆ ಬಿದ್ದ ಬಿಳಿ ಪಿ.ವಿ.ಸಿ. ಕೆಲವು ವರ್ಷಗಳಲ್ಲಿ ಗಾಜಿನಂತೆ ಸೀಳುತ್ತದೆ; ಮಣ್ಣು ಮುಚ್ಚಿ ಅಥವಾ ಕಪ್ಪು ಪೈಪ್ ಹಾಕಿ. ದನ ತುಳಿದು, ಹಂದಿ ಕೆದಕಿ, ಮಂಗ ಕಚ್ಚಿ ಆದ ಸಣ್ಣ ತೂತುಗಳಿಗೆ ರಬ್ಬರ್ ಪಟ್ಟಿ ಸುತ್ತುವುದು ಆ ದಿನದ ಮಟ್ಟಿಗೆ ಸರಿ, ಮರುದಿನ ಕಪ್ಲರ್ ಹಾಕಿ.

## ಹಂತ 10: ಪಾಲಿಕೆ ಅಥವಾ ಪಂಚಾಯಿತಿಯ ನಲ್ಲಿ

ಮೀಟರ್ ದಾಟಿದ ತಕ್ಷಣದ ನಲ್ಲಿಯಲ್ಲಿ ಬಕೆಟ್ ಅಳತೆ ಮಾಡಿ, ಅದೇ ಹೊತ್ತಿಗೆ ಎಡಬಲದ ಮನೆಗಳಲ್ಲೂ ಮಾಡಿಸಿ. ಬೀದಿಗೆಲ್ಲ ಸಣ್ಣಗಿದ್ದರೆ ಒಟ್ಟಾಗಿ ದೂರು ಕೊಡಿ. ನಿಮಗೆ ಮಾತ್ರ ಸಣ್ಣಗಿದ್ದರೆ ಬೀದಿಯ ದೊಡ್ಡ ಪೈಪಿನಿಂದ ನಿಮ್ಮ ಪೈಪ್ ಕವಲೊಡೆಯುವ ಫೆರೂಲ್ ಕಟ್ಟಿರಬಹುದು. ಅದನ್ನು ತೆರೆಯುವುದು ಅವರ ಕೆಲಸ. ಹಳ್ಳಿಯಲ್ಲಾದರೆ ಮೊದಲು ನೀರುಗಂಟಿಯನ್ನು ಕೇಳಿ. ಯಾವ ವಾಲ್ವ್ ಯಾವ ಕೇರಿಗೆ, ಎಷ್ಟು ಹೊತ್ತು ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿರುವುದಿಲ್ಲ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ಅದು ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ತೋಟಕ್ಕಲ್ಲ.

ನಗರದಲ್ಲಿ ಎರಡನೇ ಮಹಡಿಯ ಮೇಲಿನ ಟ್ಯಾಂಕಿಗೆ ನೀರು ತಾನಾಗಿ ಏರಲಿಲ್ಲವೆಂದು ದೂರುವವರಿದ್ದಾರೆ. ನಗರ ನೀರು ಸರಬರಾಜಿಗೆ ಕೇಂದ್ರ ಸರ್ಕಾರ ಹೊರತಂದ 1999ರ ಕೈಪಿಡಿ ಒಂದು ಅಂತಸ್ತಿನ ಕಟ್ಟಡಕ್ಕೆ 7 ಮೀಟರ್, ಎರಡು ಅಂತಸ್ತಿಗೆ 12, ಮೂರಕ್ಕೆ 17 ಮೀಟರ್ ಒತ್ತಡವನ್ನು ಕನಿಷ್ಠವೆಂದು ಹಿಡಿದಿತ್ತು. 7 ಮೀಟರ್ ಎಂದರೆ ನೀರು 23 ಅಡಿ ಏರುವಷ್ಟು ಒತ್ತಡ. ಅದಕ್ಕಿಂತ ಎತ್ತರಕ್ಕೆ ಬೇಕಾದರೆ ನೀರನ್ನು ನೆಲಮಟ್ಟದ ಸಂಪ್ ತೊಟ್ಟಿಗೆ ಬೀಳಿಸಿಕೊಂಡು, ಅಲ್ಲಿಂದ ಮೋಟಾರಿನಲ್ಲಿ ಏರಿಸಬೇಕು.

ಬೀದಿಯ ಪೈಪಿಗೆ ನೇರವಾಗಿ ಮೋಟಾರ್ ಹಚ್ಚುವುದು ನಿಯಮಕ್ಕೆ ವಿರುದ್ಧ, ಅದಕ್ಕಿಂತ ಹೆಚ್ಚಾಗಿ ಕೊಳಕು ಕೆಲಸ. ಮೋಟಾರ್ ಎಳೆದಾಗ ಪೈಪಿನೊಳಗೆ ಒತ್ತಡ ಇಳಿದು, ಬಿರುಕುಗಳ ಮೂಲಕ ಚರಂಡಿಯ ನೀರು ಒಳಸೇರುತ್ತದೆ. ಬೀದಿಯಲ್ಲಿ ಯಾರೋ ಹೀಗೆ ಮಾಡುತ್ತಿದ್ದಾರೆಂಬುದಕ್ಕೆ ಗುರುತು: ನಿಮ್ಮ ನಲ್ಲಿ ತೆರೆದಾಗ ನೀರು ಬರುವ ಬದಲು ಗಾಳಿ ಒಳಕ್ಕೆ ಹೋಗುವ ಸದ್ದು.

## ಹಂತ 11: ಪೈಪನ್ನೇ ಬದಲಾಯಿಸಬೇಕೇ?

ಹಳೆಯ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪ್ ಒಳಗಿನಿಂದ ತುಕ್ಕು ಕಟ್ಟಿ, ಅರ್ಧ ಇಂಚಿನ ದಾರಿ ಪೆನ್ಸಿಲ್ ತೂರುವಷ್ಟಕ್ಕೆ ಇಳಿದಿರುತ್ತದೆ. ಬೆಳಗಿನ ಮೊದಲ ನೀರು ಕೆಂಪಾಗಿ ಬಂದು ಆಮೇಲೆ ತಿಳಿಯಾಗುವುದು ಇದರ ಲಕ್ಷಣ. ಇದಕ್ಕೆ ಆಸಿಡ್ ಸುರಿಯುವ ಸಲಹೆಯನ್ನು ಕೇಳಬೇಡಿ. ತುಕ್ಕಿನ ಜೊತೆ ಪೈಪೂ ಕರಗುತ್ತದೆ. ಬ್ಲೀಚಿಂಗ್ ಪೌಡರಿನ ಜೊತೆ ಬೆರೆತರೆ ವಿಷದ ಗಾಳಿ ಏಳುತ್ತದೆ.

ಬದಲಾಯಿಸುವಾಗ ಗಾತ್ರದಲ್ಲಿ ಜಿಪುಣತನ ಬೇಡ. ಅದೇ ಒತ್ತಡದಲ್ಲಿ ಮುಕ್ಕಾಲು ಇಂಚಿನ ಪೈಪ್ ಅರ್ಧ ಇಂಚಿನದಕ್ಕಿಂತ ಸುಮಾರು ಮೂರು ಪಟ್ಟು ನೀರು ಒಯ್ಯುತ್ತದೆ, ಒಂದು ಇಂಚಿನದು ಸುಮಾರು ಆರು ಪಟ್ಟು. ಟ್ಯಾಂಕಿನಿಂದ ಒಂದೂಕಾಲು ಇಂಚು, ಕವಲಿಗೆ ಒಂದು ಅಥವಾ ಮುಕ್ಕಾಲು, ಕೊನೆಯ ಒಂದೆರಡು ಅಡಿಗೆ ಮಾತ್ರ ಅರ್ಧ. ತಿರುವುಗಳನ್ನು ಕಡಿಮೆ ಮಾಡಿ.

## ಕೆಲಸ ನಿಲ್ಲಿಸಿ ತಿಳಿದವರನ್ನು ಕರೆಯಬೇಕಾದ ಲಕ್ಷಣಗಳು

ಒತ್ತಡ ಇಳಿದ ದಿನವೇ ನೀರಿಗೆ ವಾಸನೆ ಅಥವಾ ಬಗ್ಗಡ ಬಂದರೆ ಕುಡಿಯುವುದನ್ನು ನಿಲ್ಲಿಸಿ. ಎಲ್ಲೋ ಒಡೆದ ಪೈಪಿಗೆ ಹೊರಗಿನ ನೀರು ಸೇರುತ್ತಿದೆ. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಮುಖ್ಯ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಬರುವ ತನಕ ಮುಟ್ಟಬೇಡಿ. ಸ್ವಿಚ್ ಬೋರ್ಡಿನ ಹತ್ತಿರದ ಗೋಡೆ ಒದ್ದೆಯಾದರೂ ಹಾಗೆಯೇ. ಕೊಳವೆಬಾವಿಯ ಮೋಟಾರ್ ಬಿಟ್ಟು ಬಿಟ್ಟು ಗಾಳಿ ಉಗುಳುತ್ತಿದ್ದರೆ ಬಾವಿಯಲ್ಲಿ ನೀರು ಇಳಿದಿದೆ. ಓಡಿಸುತ್ತಲೇ ಹೋದರೆ ಮೋಟಾರ್ ಸುಡುತ್ತದೆ. ವೋಲ್ಟೇಜ್ ಕಡಿಮೆಯಿದ್ದಾಗಲೂ ಮೋಟಾರ್ ನೀರು ಕಡಿಮೆ ಎತ್ತುತ್ತದೆ, ಬಿಸಿಯಾಗುತ್ತದೆ.

## ಹಂತ 12: ಪಂಪ್

ಇಷ್ಟೆಲ್ಲ ಮಾಡಿದ ಮೇಲೂ ಎತ್ತರವೇ ಸಾಲದಿದ್ದರೆ, ಟ್ಯಾಂಕನ್ನು ಎತ್ತರಿಸಲೂ ಆಗದಿದ್ದರೆ, ಆಗ ಪಂಪ್. ಅದು ಟ್ಯಾಂಕಿನ ನಂತರ, ಟ್ಯಾಂಕಿನ ತಳಕ್ಕಿಂತ ಕೆಳಗೆ, ಮಳೆ ತಾಗದ ಕಡೆ ಇರಬೇಕು. ಪಂಪಿಗೆ ಬರುವ ಪೈಪ್ ಪಂಪಿನ ಬಾಯಿಗಿಂತ ಸಣ್ಣದಾಗಿರಬಾರದು. ಕರೆಂಟ್ ಹೋದಾಗಲೂ ನೀರು ಬರುವಂತೆ ಪಂಪಿನೊಳಗೆ ಹಾಯದೆ ಅದನ್ನು ಸುತ್ತುಹಾಕಿ ಹೋಗುವ ಪಕ್ಕದ ಪೈಪ್ ಹಾಕಿಸಿ, ಅದರಲ್ಲಿ ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್ ಇರಲಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳಲ್ಲಿ ಇದಿಲ್ಲದೆ ಪಂಪ್ ಹಾಕಿಸುವುದು ಇದ್ದ ನೀರನ್ನೂ ಕಳೆದುಕೊಂಡಂತೆ. ಅರ್ಥಿಂಗ್, ಸೋರುವ ಕರೆಂಟಿಗೆ ಕಡಿತಗೊಳ್ಳುವ ಬ್ರೇಕರ್, ನೀರಿಲ್ಲದಾಗ ತಾನಾಗಿ ನಿಲ್ಲುವ ವ್ಯವಸ್ಥೆ, ಮೂರೂ ಬೇಕು. ತುಕ್ಕು ಹಿಡಿದ ಹಳೆಯ ಪೈಪಿಗೆ ಪಂಪ್ ಕೂಡಿಸಬೇಡಿ, ಗೋಡೆಯೊಳಗೇ ಒಡೆಯುತ್ತದೆ.

ಜಾಲರಿಗಳನ್ನು ಲೋಟದಿಂದ ತೆಗೆದು ಮತ್ತೆ ನಲ್ಲಿಗಳಿಗೆ ಹಾಕುವುದು ಈಗ. ಮೊದಲ ರಾತ್ರಿ ಪಂಪನ್ನು ಚಾಲೂ ಇಟ್ಟು ಎಲ್ಲ ನಲ್ಲಿಗಳನ್ನೂ ಮುಚ್ಚಿ ಮಲಗಿ. ಯಾರೂ ನೀರು ಮುಟ್ಟದಿದ್ದರೂ ಪಂಪ್ ನಡುನಡುವೆ ತಾನಾಗಿ ಚಾಲೂ ಆಗಿ ನಿಲ್ಲುತ್ತಿದ್ದರೆ ಎಲ್ಲೋ ಸೋರುತ್ತಿದೆ. ಬೆಳಿಗ್ಗೆ ಪಂಪ್ ಆರಿಸಿ ಹಂತ 8ರಿಂದ ಮತ್ತೆ ಶುರುಮಾಡಿ.